ಬಣ್ಣ ಹಚ್ಚಿದ ಚಂದ್ರಂಕಿ

ಕೆರೆ ಹಬ್ಬಕ್ಕೆ ಬರುವ ಕಲಾವಿದರನ್ನು ನೋಡಿಕೊಳ್ಳುವ ಕೆಲಸ ಪಂಕಜ ಮೇಡಂ ಅವರದ್ದು. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರಾಗಿದ್ದು ನಿವೃತ್ತರಾದ ಮೇಲೆ ಹಬ್ಬದ ಸಮಿತಿಯವರು ಅದನ್ನು ಅವರ ತಲೆಗೆ ಕಟ್ಟಿದ್ದರು. ಕೆರೆ ಏರಿಯ ಉದ್ದಕ್ಕೂ ಬಯಲಲ್ಲೇ ದೊಡ್ಡ ದೊಡ್ಡ ಕಲಾಕೃತಿಗಳನ್ನು ನಿಲ್ಲಿಸುವುದು ಆ ಹಬ್ಬದ ವಿಶೇಷ. ಕಟ್ಟುವವರು ಕಲಾವಿದರು. ಅವರಿಗೆ ಬೇಕಾದ ಬಿದಿರಿನ ಗಳು, ಹಗ್ಗ, ಏಣಿ ಹೊಂದಿಸುವುದು, ಅನುಮತಿಗೆ ಅಲೆಯುವುದು, ಮಧ್ಯಾಹ್ನದ ಊಟ ತರಿಸುವುದು, ಯಾರಿಗಾದರೂ ತಲೆನೋವು ಬಂದರೆ ಮಾತ್ರೆ ಹುಡುಕುವುದು, ಎಲ್ಲ ಪಂಕಜ ಮೇಡಂ. ಈ ವರ್ಷ ಅವರಿಗೆ ಮಂಡಿನೋವು ಜಾಸ್ತಿಯಾಗಿತ್ತು. ಆಗುವುದಿಲ್ಲ ಎಂದು ಹೇಳಬೇಕೆಂದುಕೊಂಡೇ ಸಭೆಗೆ ಹೋಗಿ, ಒಪ್ಪಿಕೊಂಡು ಬಂದಿದ್ದರು.

ಗೌರಿಬಿದನೂರಿನಿಂದ ಬಂದಿದ್ದ ಕಲಾವಿದೆ ಹರಿತಾಗೆ ಚಂದ್ರಂಕಿ ಬೇಕಾಗಿತ್ತು. ರೇಷ್ಮೆ ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಅದು. ಸುರುಳಿ ಸುರುಳಿಯಾಗಿ ಹೆಣೆದಿರುತ್ತಾರೆ. ಅವನ್ನೇ ಒಂದರ ಮೇಲೊಂದು ಕಟ್ಟಿ ಏರಿಯ ಮೇಲೆ ಮನೆಯಷ್ಟೆತ್ತರದ ಬಾಗಿಲು ಮಾಡಿ, ಸಂಜೆ ದೀಪ ಹಾಕಬೇಕೆಂದು ಆಕೆಯ ಆಸೆ. ಪಂಕಜ ಮೇಡಂ ಅವಳನ್ನು ಕೆರೆಯಾಚೆಯ ಹಳ್ಳಿಯ ಅಮ್ಮಾಜಮ್ಮನ ಮನೆಗೆ ಕರೆದುಕೊಂಡು ಹೋದರು. ಅಮ್ಮಾಜಮ್ಮನ ಮಗಳು ಇವರ ಹತ್ತಿರ ಓದಿದವಳು.

"ನೀವ್ ಕೇಳಿದ್ಮೇಲೆ ಇಲ್ಲ ಅನ್ನಕ್ಕಾಗ್ತದಾ ಮೇಡಂ. ತಗೊಂಡೋಗಿ," ಎಂದಳು ಅಮ್ಮಾಜಮ್ಮ. "ಆದ್ರೆ ಹಬ್ಬ ಆದ್ ಮಾರನೇ ದಿನ ವಾಪಸ್ ಬರ್ಬೇಕು. ಹುಳ ಹಣ್ಣಾಗಿ ಗೂಡು ಕಟ್ಟೋ ಟೈಮು ಅದು. ಇನ್ನೊಂದು, ಬಣ್ಣಗಿಣ್ಣ ಹಚ್ಚಂಗಿಲ್ಲ. ವಾಸ್ನೆ ತಗುಲಿದ್ರೆ ಹುಳ ಸತ್ತೋಗ್ತವೆ."

"ಹಚ್ಚಲ್ಲ," ಎಂದು ಪಂಕಜ ಮೇಡಂ ಮಾತು ಕೊಟ್ಟರು. ಹರಿತಾ ಕೂಡ ತಲೆಯಾಡಿಸಿದಳು.

ಹಬ್ಬಕ್ಕೆ ಕೆಲವೇ ದಿನವಿದ್ದಾಗ ಇನ್ನೊಬ್ಬ ಕಲಾವಿದರಿಗೆ ಬೇಕಿದ್ದ ಸಾಮಾನಿಗಾಗಿ ಮೇಡಂ ಚಿಂತಾಮಣಿಗೆ ಹೋಗಬೇಕಾಯಿತು. ಬಸ್ಸಿನಲ್ಲಿ ಸೀಟು ಸಿಗದೆ ನಿಂತೇ ವಾಪಸು ಬಂದರು. ಏರಿ ಹತ್ತುವಾಗಲೇ ಪೇಂಟಿನ ವಾಸನೆ ಮೂಗಿಗೆ ಬಡಿಯಿತು. ಬಾಗಿಲಿನ ಮುಂದಿನ ಸಾಲಿನ ಚಂದ್ರಂಕಿಗಳೆಲ್ಲ ಬೆಳ್ಳಗೆ ಹೊಳೆಯುತ್ತಿದ್ದವು.

"ಹರಿತಾ, ಏನಮ್ಮ ಇದು?"

"ಲೈಟ್ ಹಾಕಿ ನೋಡ್ದೆ ಮೇಡಂ, ಬರೀ ಬಿದಿರು ಏನೂ ಕಾಣಿಸ್ಲಿಲ್ಲ. ಇಷ್ಟ್ ದಿನದ ಕೆಲಸ ವೇಸ್ಟ್ ಆಗುತ್ತೇನೋ ಅನ್ನಿಸ್ತು. ಮುಂದಿನ ಸಾಲಿಗೆ ಮಾತ್ರ ಹಚ್ಚಿದ್ದೀನಿ. ತೊಳೆದ್ರೆ ಹೋಗಲ್ವಾ?"

"ಆಯಿಲ್ ಪೇಂಟು ತೊಳೆದ್ರೆ ಹೋಗುತ್ತಾ?"

ಹರಿತಾಳ ಮುಖ ಸಪ್ಪಗಾಯಿತು. ಬೈಯಬೇಕಿತ್ತು, ಆದರೆ ಪಂಕಜ ಮೇಡಂ ಅವರಲ್ಲಿ ಬೈಯುವಷ್ಟು ತ್ರಾಣವಿರಲಿಲ್ಲ. ಕಲ್ಲಿನ ಮೇಲೆ ಕೂತು ಮಂಡಿ ನೀವಿಕೊಂಡರು. ಹಬ್ಬ ಮುಗಿದ ಕೂಡಲೇ ಬಿದಿರು ಹೆಣೆಯುವವರ ಹತ್ತಿರ ಹೊಸವು ತಂದು ಕೊಟ್ಟರಾಯಿತು, ಅಷ್ಟರವರೆಗೆ ಆ ಹೆಂಗಸಿಗೆ ಯಾಕೆ ಯೋಚನೆ ಹತ್ತಿಸುವುದು ಎಂದುಕೊಂಡು ಅಮ್ಮಾಜಮ್ಮನಿಗೆ ಫೋನು ಮಾಡದೆ ಬಿಟ್ಟರು.

ಈ ವರ್ಷ ಶಿವರಾತ್ರಿಗೆ ಮುಂಚೆಯೇ ಬಿಸಿಲು ಏರಿತು. ಹಬ್ಬದ ದಿನ ಬೆಳಿಗ್ಗೆ, ಮೇಡಂ ಇನ್ನೂ ಕಾಫಿ ಕುಡಿಯುತ್ತಿದ್ದಾಗ ಫೋನು ಬಂತು.

"ಮೇಡಂ, ಹುಳ ಹಣ್ಣಾಗ್ಬುಟ್ಟವೆ! ಸೊಪ್ಪು ಹಾಕಿದ್ರೆ ಮೂಸಿ ನೋಡ್ತಾನೂ ಇಲ್ಲ. ಈ ಹಾಳ್ ಬಿಸ್ಲು. ಟೆಂಪೋ ಕಳಿಸ್ತಾ ಇದೀನಿ, ನಮ್ ಚಂದ್ರಂಕಿ ಹಾಕಿ ಕಳ್ಸಿ."

ಪಂಕಜ ಮೇಡಂ ನಡೆದದ್ದನ್ನು ಹೇಳಿದರು.

"ನಾನ್ ಹೇಳಿದ್ನಲ್ಲ ಮೇಡಂ," ಎಂದಳು ಅಮ್ಮಾಜಮ್ಮ. ಅಷ್ಟೇ. ಫೋನು ಇಟ್ಟಳು.

ಮೇಡಂಗೆ ಮಂಡಿಕಲ್‌ನ ರಮೇಶ್‌ಬಾಬು ನೆನಪಾದ. ಅವನೂ ಹಳೇ ವಿದ್ಯಾರ್ಥಿ. ಈಚೆಗೆ ತಾನೇ ಗೂಡು ಮಾರಿದ್ದ. ಅವನಿಗೆ ಫೋನು ಮಾಡಿದರು. "ಚಂದ್ರಂಕಿ ಖಾಲಿ ಬಿದ್ದವೆ ಮೇಡಂ, ಬಿಸ್ಲಲ್ಲಿ ಒಣಗಿಸಿ ಇಟ್ಟಿದೀನಿ. ತಗೊಂಡ್ ಬರ್ತೀನಿ. ಆದ್ರೆ ಗಾಡಿ ಸಿಗಬೇಕು," ಎಂದ.

ಏರಿಗೆ ಬಂದು ಹರಿತಾಗೆ ವಿಷಯ ತಿಳಿಸಿದಾಗ ಅವಳು ಮೊದಲು ನಂಬಲಿಲ್ಲ.

"ಇವತ್ತೇನಾ? ಸಾಯಂಕಾಲ ಜನ ಬರ್ತಾರೆ ಮೇಡಂ. ಒಂದ್ ದಿನ ತಡಿಯೋಕಾಗಲ್ವಾ?"

"ಹುಳ ತಡಿಯಲ್ಲ ಕಣಮ್ಮ. ನಾಳೆ ಹೊತ್ಗೆ ಸಿಕ್ಕಿದ್ ಕಡೆ ನೂಲು ಬಿಟ್ಟು ಮುಗಿಸಿರ್ತವೆ. ಅವ್ರ ಬೆಳೆನೇ ಹೋಗುತ್ತೆ."

ಹರಿತಾ ಬಾಗಿಲಿಗೆ ಬೆನ್ನು ಹಾಕಿ ನಿಂತು ಕೆರೆ ನೋಡಿದಳು. ಕಣ್ಣೊರೆಸಿಕೊಂಡಳು. ಆಮೇಲೆ ಕುಡುಗೋಲು ತೆಗೆದುಕೊಂಡು ಏಣಿ ಹತ್ತಿ, ತಾನೇ ಬಿಗಿದಿದ್ದ ಹಗ್ಗಗಳನ್ನು ಕೊಯ್ಯತೊಡಗಿದಳು. ಅಷ್ಟರಲ್ಲಿ ಸಮಿತಿಯ ಕೋನಪ್ಪನವರು ಓಡಿ ಬಂದರು.

"ಏನ್ ಮೇಡಂ ಇದು! ಆಹ್ವಾನ ಪತ್ರಿಕೇಲಿ ಇದರದ್ದೇ ಫೋಟೋ ಹಾಕ್ಸಿದೀವಲ್ಲ!"

"ಹಾಕ್ಸಿದೀರಿ. ಬನ್ನಿ, ಆ ಏಣಿ ಹಿಡ್ಕೊಳಿ," ಎಂದರು ಪಂಕಜ ಮೇಡಂ.

ಬಣ್ಣ ತಾಗದ ಹಿಂದಿನ ಸಾಲನ್ನು ಬಿಚ್ಚಿ ಟೆಂಪೋಗೆ ಹೇರಿ ಹರಿತಾ, ಮೇಡಂ ಇಬ್ಬರೂ ಹಳ್ಳಿಗೆ ಹೋದರು. ಹುಳದ ಮನೆಯ ಬಾಗಿಲಲ್ಲಿ ಅಮ್ಮಾಜಮ್ಮನ ಗಂಡ ಮುನಿವೆಂಕಟಪ್ಪ ನಿಂತಿದ್ದ. ಹರಿತಾಳ ಕೈಗೆ ಅಂಟಿದ್ದ ಬಣ್ಣ ನೋಡಿ, "ಟರ್ಪೆಂಟೈನ್ ವಾಸ್ನೆ ಬರ್ತದೆ. ನೀವ್ ಒಳಗ್ ಬರ್ಬೇಡಿ ತಾಯಿ," ಎಂದ. ಅವಳು ಹೊರಗೇ ನಿಂತು ಸಾಮಾನು ಇಳಿಸಿದಳು. ಪಂಕಜ ಮೇಡಂ ಕಾಲು ತೊಳೆದು ಒಳಗೆ ಹೋದರು.

ಸೊಪ್ಪು ತಿನ್ನುವ ಹುಳಗಳ ಸರಸರ ಸದ್ದು ನಿಂತುಹೋಗಿತ್ತು. ದ್ರಾಕ್ಷಿಯಂತೆ ಮೈ ತಿಳಿಯಾಗಿ ಹಳದಿಗೆ ತಿರುಗಿದ್ದ ಹುಳಗಳು ತಲೆಯೆತ್ತಿ ಅತ್ತಿತ್ತ ಆಡಿಸುತ್ತ, ಕೂರಲು ಜಾಗ ಹುಡುಕುತ್ತಿದ್ದವು. ಅಮ್ಮಾಜಮ್ಮ ಅವನ್ನು ಒಂದೊಂದಾಗಿ ಆರಿಸಿ ಚಂದ್ರಂಕಿಯ ಮೇಲೆ ಬಿಡುತ್ತಿದ್ದಳು. ಮೇಡಂ ಪಕ್ಕದಲ್ಲಿ ಕೂತು ಅದನ್ನೇ ಮಾಡಿದರು. ತಂದ ಚಂದ್ರಂಕಿಗಳು ಬೇಗ ತುಂಬಿಹೋದವು. ಹೊತ್ತು ಏರಿತು, ರಮೇಶ್‌ಬಾಬು ಬರಲಿಲ್ಲ. ಕೆಲವು ಹುಳಗಳು ಗೋಡೆ ಹತ್ತಿದವು, ಕೆಲವು ಒಣಸೊಪ್ಪಿನ ನಡುವೆಯೇ ನೂಲು ಬಿಟ್ಟವು. ಅವನ್ನು ಬಿಡಿಸಲು ಹೋಗಿ ಅಮ್ಮಾಜಮ್ಮ ಕೈ ಸೋತು ಕೂತಳು.

"ಪೋನೀಲೇ, ಹೋಗ್ಲಿ," ಎಂದು ತನಗೇ ಹೇಳಿಕೊಂಡಳು.

ರಮೇಶ್‌ಬಾಬುವಿನ ಗಾಡಿ ಬಂದಾಗ ನೆರಳು ಉದ್ದವಾಗಿತ್ತು. ಉಳಿದ ಹುಳಗಳಿಗೆ ಜಾಗ ಸಿಕ್ಕಿತು. ಬೆಳೆಯ ಬಹುಪಾಲು ಉಳಿಯಿತು, ಎಲ್ಲವೂ ಉಳಿಯಲಿಲ್ಲ.

ಮೇಡಂ, ಹರಿತಾ ಇಬ್ಬರೂ ಏರಿಗೆ ವಾಪಸು ಬರುವ ಹೊತ್ತಿಗೆ ಹಬ್ಬ ಶುರುವಾಗಿತ್ತು. ಯಾರೋ ದೀಪ ಹಾಕಿದ್ದರು. ಅರ್ಧ ಬಾಗಿಲು ಬೆಳ್ಳಗೆ ಬೆಳಗುತ್ತಿತ್ತು, ಹಿಂದೆ ಬರೀ ಗಳುಗಳು. ಜನ ಅದರ ಮುಂದೆ ಸಾಲುಗಟ್ಟಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. "ತುಂಬಾ ಚೆನ್ನಾಗಿದೆ," ಎಂದು ಒಬ್ಬಾಕೆ ಹರಿತಾಳ ಕೈ ಹಿಡಿದು ಹೇಳಿದಳು. ಹರಿತಾ ಕೈ ಬಿಡಿಸಿಕೊಂಡು ಮೆಟ್ಟಿಲಿಳಿದು ನೀರಿನ ಹತ್ತಿರ ಹೋಗಿ ಕೂತಳು. ಪಂಕಜ ಮೇಡಂ ಊಟದ ಡಬ್ಬಿ ಹಿಡಿದು ಅವಳ ಹಿಂದೆಯೇ ಇಳಿದರು. ಇಬ್ಬರೂ ತಣ್ಣಗಾಗಿದ್ದ ಪುಳಿಯೋಗರೆ ತಿಂದರು.

"ಬಣ್ಣ ಹಚ್ಚೋಕ್ ಮುಂಚೆ ನಾನು ನಿಮ್ಮನ್ನ ಒಂದ್ ಮಾತು ಕೇಳ್ಬೇಕಾಗಿತ್ತು," ಎಂದಳು ಹರಿತಾ.

"ನಾನೂ ಅಮ್ಮಾಜಮ್ಮಂಗೆ ಆವತ್ತೇ ಹೇಳ್ಬೇಕಾಗಿತ್ತು. ತಿನ್ನಮ್ಮ."

ಹಬ್ಬ ಮುಗಿದು ವಾರವಾದ ಮೇಲೆ ಹೊಸ ಚಂದ್ರಂಕಿಗಳನ್ನು ಆಟೋದಲ್ಲಿ ಹಾಕಿಕೊಂಡು ಪಂಕಜ ಮೇಡಂ ಹಳ್ಳಿಗೆ ಹೋದರು. ಅಮ್ಮಾಜಮ್ಮ ಅವನ್ನು ತಿರುಗಿಸಿ ಮುರುಗಿಸಿ ನೋಡಿ ಒಳಗಿಡಿಸಿದಳು. ಮೇಡಂಗೆ ಕುರ್ಚಿ ಹಾಕಿ, ಕಾಫಿ ಕೊಟ್ಟು, ತಾನು ಹೊಸ್ತಿಲ ಮೇಲೆ ಕೂತಳು.

"ಮೇಡಂ, ಒಂದ್ ಹೇಳ್ಲಾ? ಬೇಜಾರ್ ಮಾಡ್ಕೋಬೇಡಿ. ಬರೋ ವರ್ಷ ನನ್ ಕೇಳ್ಬೇಡಿ. ನೀವ್ ಕೇಳಿದ್ರೆ ಇಲ್ಲ ಅನ್ನಕ್ಕೆ ನಂಗೆ ಬಾಯ್ ಬರಲ್ಲ."

"ಕೇಳಲ್ಲ," ಎಂದರು ಪಂಕಜ ಮೇಡಂ. ಕಾಫಿ ತುಂಬ ಬಿಸಿಯಾಗಿತ್ತು. ಊದಿಕೊಂಡು, ನಿಧಾನವಾಗಿ ಕುಡಿಯುತ್ತ, ಏಳಲು ಮನಸ್ಸಾಗದೆ ಬಹಳ ಹೊತ್ತು ಅಲ್ಲೇ ಕೂತಿದ್ದರು. ಅಮ್ಮಾಜಮ್ಮನೂ ಏಳಿ ಎನ್ನಲಿಲ್ಲ.