ಪುರವಣಿಯ ದಾರ

ಬೇವಿನ ಹಣ್ಣೆಲೆಗಳು ಒಂದೊಂದೇ ಉದುರುತ್ತಿವೆ, ಅನಂತನ ಕರಿ ಟೊಪ್ಪಿಗೆಯ ಮೇಲೊಂದು, ಅವನ ತೊಡೆಯ ಮೇಲಿನ ಪ್ರಶ್ನೆಪತ್ರಿಕೆಯ ಮೇಲೊಂದು, ಅವನು ಊದಿ ಹಾರಿಸುತ್ತಾನೆ, ಮತ್ತೆ ಬೆರಳಿಡುತ್ತಾನೆ, ಲೇ ಪರಮಾ, ವಾಕ್ಯದ ಅನಾಲಿಸಿಸ್ಸಿನ್ಯಾಗ ಕೋಷ್ಟಕಕ್ಕ ಎಷ್ಟ ಮನಿ ಹಾಕಿದಿ, ಐದು, ಅಯ್ಯ, ನಾ ಆರು ಹಾಕೇನಿ, ಹೋತಲಾ ಅರ್ಧ ಮಾರ್ಕು. ಇಂಗ್ಲಿಷ್ ಪೇಪರು ಮುಗಿದು ಹತ್ತು ನಿಮಿಷವಾಗಿಲ್ಲ, ಜಮಖಂಡಿಯ ಬಿಸಿಲು ಅಂಗಳದಲ್ಲಿ ಕಾಲು ಚಾಚಿ ಕೂತಿದೆ, ಲಗಮಣ್ಣ ಬೊಡ್ಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದ್ದಾನೆ, ಮುಚ್ಚಿದರೂ ಕಾಣುವುದು ಅದೇ, ಬಿಳಿ ದಾರದ ತುದಿ. ಪರಮಾನಂದನಿಗೆ ಬೇರೆಯೇ ಚಿಂತೆ, ನಾ ಕೆಳಗಿನ ಗೆರಿ ಹೊಡಿಯೂದ ಮರತೇನಿ, ಗೆರಿಗ್ಯಾಕ ಮಾರ್ಕ ಕಡೀತಾರೋ, ಕಡೀತಾರಪಾ, ಪೇಪರ ತಪಾಸೂ ಪುಣೇದವ್ರು, ಸಾರಿಗೆ ಬೆಲ್ಲ ಹಾಕಾಕ ಬರತೈತಿ, ಪೇಪರಿಗೆ ಮಾರ್ಕ ಹಾಕಾಕ ಕೈ ಬರೂದಿಲ್ಲ — ನಗುತ್ತಾರೆ, ಅರ್ಧ ಮಾರ್ಕು, ಕಾಲು ಮಾರ್ಕು, ಅವರ ತಪ್ಪುಗಳೆಲ್ಲ ಎಷ್ಟು ಸಣ್ಣವು, ಜೋಳದಲ್ಲಿಯ ಹರಳಿನ ಹಾಗೆ ಆರಿಸಿ ಬಿಸಾಡಬಹುದಾದವು. ನಿಂದ ಹೆಂಗಾತೋ ಲಗಮಾ, ಛಲೋ ಆತು, ಅಂದ. ಬರೆದದ್ದು ಖರೆಯೇ ಛಲೋ ಆಗಿತ್ತು, ಆರು ವಾಕ್ಯ ಬಿಡಿಸಿ ಮನೆ ಮನೆಗೆ ಹಂಚಿದ್ದ, ಹೆಚ್ಚಿಗೆ ಕೇಳಿ ಪಡೆದ ಪುರವಣಿ ಹಾಳೆಯೂ ಇಡೀ ತುಂಬಿತ್ತು, ಅಷ್ಟರಲ್ಲಿ ಗಂಟೆ ಹೊಡೆಯಿತು, ಕಟ್ರಿ ಕಟ್ರಿ ಅಂದರು, ದಾರ ತೂತಿನಲ್ಲಿ ತೂರಿತು, ಕೈ ತಾನೇ ಕಟ್ಟಿತು, ಪೇಪರು ಮೇಜಿನ ಮೇಲೆ ಹೋದಮೇಲೆ ತಿಳಿಯಿತು ಕೈ ಎಂಥ ಗಂಟು ಹಾಕಿತೆಂದು. ಕುರಿಮರಿಗೆ ಹಾಕುವ ಗಂಟು. ತುದಿ ಹಿಡಿದು ಒಮ್ಮೆ ಜಗ್ಗಿದರೆ ಬಿಚ್ಚಿಯೇ ಹೋಗುವಂಥದು, ಏಳು ವರ್ಷದವನಿದ್ದಾಗ ಅಪ್ಪ ಹೊಳೆಪ್ಪ ಕಲಿಸಿದ್ದು, ತ್ವಾಳ ಬಂದಾಗ ಗಂಟ ಬಿಚ್ಚಕೋಂತ ಕುಂಡ್ರತಿ ಏನಲೇ. ಪುರವಣಿಯ ಮೇಲೆ ಪರೀಕ್ಷೆಯ ನಂಬರು ಬರೆದೆನೋ ಇಲ್ಲವೋ, ಮೊದಲ ಹಾಳೆಗೆ ಬರೆದದ್ದು ನೆನಪಿದೆ, ಇದಕ್ಕೆ — ಇಲ್ಲ, ಬರೆದಿಲ್ಲ, ಕಟ್ಟಿರುವ ತನಕ ಅದು ಲಗಮಣ್ಣನ ಹಾಳೆ, ಬಿಚ್ಚಿದರೆ ಯಾರದೂ ಅಲ್ಲ. ಹೋದ ವರ್ಷ ನಪಾಸಾದದ್ದು ಇಂಗ್ಲಿಷಿನಲ್ಲೇ, ನಾಲ್ಕು ಮಾರ್ಕಿಗೆ, ಆವತ್ತು ಅಪ್ಪ ಅಂದ, ಇನ್ನೊಂದ ವರ್ಷ ನಿಮ್ಮಕ್ಕ ಕುರಿ ಹಿಂದ ಹೋಗತಾಳ, ಮತ್ತ ಬಿದ್ದಿ ಅಂದ್ರ ಪುಸ್ತಕ ಕಟ್ಟಿಡು, ಬಡಿಗಿ ಹಿಡಿ. ಅಕ್ಕ ಸುಂದರವ್ವ ಬಡಿಗೆ ಎತ್ತಿಕೊಂಡು ಹೋದಳು, ಗಲಗಲಿಯ ಹೊಳೆದಂಡೆಯ ಕರಿ ನೆಲದಲ್ಲಿ ಒಂದು ವರ್ಷ, ಅವಳ ಹಿಮ್ಮಡಿಯೂ ಆ ನೆಲದ ಹಾಗೇ ಬಿರಿದಿದೆ, ಸಂಜೆ ಎಣ್ಣೆ ಸವರಿಕೊಳ್ಳುತ್ತ ಕೇಳುತ್ತಿದ್ದಳು, ಇವತ್ತ ಎಷ್ಟ ಹಾಳಿ ಓದಿದ್ಯೋ, ಎಷ್ಟು ಹೇಳಿದರೂ ಅವಳಿಗೆ ಸಂತೋಷ.

ಎದ್ದ, ಯಾಕೆ ಎದ್ದೆನೆಂದು ಕಾಲಿಗೆ ಗೊತ್ತಿತ್ತು, ಆಫೀಸಿನ ಬಾಗಿಲಲ್ಲಿ ಮೇಣಬತ್ತಿಯ ವಾಸನೆ, ಬಾಳಾಸಾಹೇಬರು, ಪರೀಕ್ಷೆಯ ಮೇಲ್ವಿಚಾರಕರು, ಪೇಪರುಗಳ ಗಂಟನ್ನು ಬಟ್ಟೆಯಲ್ಲಿ ಸುತ್ತಿ ಹುರಿ ಬಿಗಿದಿದ್ದಾರೆ, ಕೆಂಪು ಅರಗಿನ ಕಡ್ಡಿಯನ್ನು ಉರಿಗೆ ಹಿಡಿದಿದ್ದಾರೆ, ತಲೆ ಎತ್ತಿ ನೋಡುತ್ತಾರೆ, ಏನೋ ತಮ್ಮಾ, ಏನರ ಬಿಟ್ಟಿ ಏನು, ಲಗೂನ ಹೇಳು, ಅರಗ ಬಿದ್ದಮ್ಯಾಲ ನಮ್ಮಪ್ಪ ಬಂದ್ರೂ ತಗ್ಯಾಕಾಗೂದಿಲ್ಲ. ಗಟ್ಟಿ ದನಿ, ಕೆಟ್ಟ ದನಿಯಲ್ಲ, ಕೇಳುವ ದನಿ. ಹೇಳಬೇಕು, ಸಾಹೇಬರ, ನನ್ನ ಪುರವಣಿ ಸಡ್ಲ ಕಟ್ಟೇನ್ರಿ, ಇಷ್ಟೇ, ಐದು ಶಬ್ದ, ಸಡ್ಲ ಅಂದ್ರ ಹೆಂಗೋ ಅಂದರೆ? ಕುರಿ ಗಂಟು ಅನ್ನಬೇಕು. ಬೆನ್ನ ಹಿಂದೆ ಚಪ್ಪಲಿ ಸದ್ದು, ಅನಂತ, ಪರಮಾನಂದ, ಏನಾತಲೇ ಲಗಮಾ. ಸಾಲಿಯಲ್ಲಿ ಆ ನಕಾಶೆಯ ದಿನವೂ ಹೀಗೇ ಎಲ್ಲರೂ ಇದ್ದರು, ನಕಾಶೆ ಸುತ್ತಿ ಮೊಳೆಗೆ ಕಟ್ಟು ಅಂದಿದ್ದರು ಗುರುಗಳು, ಅದೇ ಗಂಟು ಹಾಕಿದ, ಗಾಳಿಗೆ ತುದಿ ಜಗ್ಗಿ ಇಡೀ ಹಿಂದುಸ್ತಾನ ಅವರ ತಲೆಯ ಮೇಲೆ ಬಿತ್ತು, ಲಗಮಣ್ಣಾ, ಇದು ಸಾಲಿ, ಕುರಿಹಟ್ಟಿ ಅಲ್ಲಪಾ, ವರ್ಗವೆಲ್ಲ ಬ್ಯಾ ಬ್ಯಾ ಎಂದಿತು, ತಿಂಗಳುಗಟ್ಟಲೆ ಬ್ಯಾ ಅಂದಿತು, ಅನಂತನೂ ಅಂದಿದ್ದ, ಈಗ ಅವನಿಗೆ ಅದು ಮರೆತೇ ಹೋಗಿರಬೇಕು. ಅರಗು ಹನಿಯಾಗಿ ಇಳಿದು ನಿಂತಿದೆ, ಹೇಳು, ಅಕ್ಕನ ಹಿಮ್ಮಡಿ, ಹೇಳು, ಬಾಯಿ ತೆರೆದ, ಏನಿಲ್ರಿ, ನೀರ ಕುಡ್ಯಾಕ ಬಂದಿದ್ನ್ರಿ. ಅಲ್ಲೈತಿ ನೋಡು, ಕೊಡ. ಕುಡಿದ, ಬಾಯಾರಿರಲಿಲ್ಲ, ಎರಡನೇ ಸಲವೂ ತುಂಬಿಕೊಂಡು ಕುಡಿದ, ತಂಬಿಗೆಯ ಅಂಚಿನ ಮೇಲಿಂದ ಕಂಡಿತು, ಕೆಂಪು ಹನಿ ಹುರಿಯ ಗಂಟಿನ ಮೇಲೆ ಬಿದ್ದು ಅಗಲವಾಯಿತು, ಹಿತ್ತಾಳೆ ಮುದ್ರೆ ಕೂತಿತು, ಎದ್ದಿತು, ಆತು, ಅಂದರು ಬಾಳಾಸಾಹೇಬರು. ನಡಿಯಲೇ, ಬಸ್ಸ ಹೋಗತೈತಿ, ಅಂದ ಪರಮಾನಂದ, ಅರ್ಧ ಮಾರ್ಕಿಗೆ ಯಾರೂ ಸತ್ತಿಲ್ಲ. ನಡೆಯುತ್ತಾನೆ, ಹೊಟ್ಟೆಯಲ್ಲಿ ನೀರು ಕುಲುಕುತ್ತದೆ, ಮನೆಯಲ್ಲಿ ಅಕ್ಕ ಕೇಳುತ್ತಾಳೆ, ಎಷ್ಟ ಹಾಳಿ ಬರದ್ಯೋ, ಒಂಬತ್ತು ಅನ್ನಬೇಕು, ಇಲ್ಲ, ಎಂಟು, ಎಂಟು ಮತ್ತು ಒಂದು ಪುರವಣಿ, ಪುಣೆಯಲ್ಲಿ ಯಾರೋ ಕುರ್ಚಿ ಎಳೆದು ಕೂತು ಹಾಳೆ ಎಣಿಸುತ್ತಾರೆ, ಎಂಟು, ಮುಖವಿಲ್ಲ, ಕೈಯಷ್ಟೆ, ಎರಡು ಬೆರಳು, ಬಿಳಿ ದಾರದ ತುದಿ, ಎರಡು ಬೆರಳು, ದಾರದ ತುದಿ —