ಹೊಸ್ತಿಲ ಕೆಳಮೈ

“ಮುಚ್ಚು ಅಂದ್ರ ಮುಚ್ಚು! ಹ್ಯಾಂಗಿತ್ತೋ ಹಂಗ ಬೋರಲ ಹಾಕು ಕಲ್ಲನ್ನ. ನಿನ್ನ ಕೆಲ್ಸ ಗೌಂಡ್ಯಾಂದು, ಓದೋದಲ್ಲ!”

ವೈಜಿನಾಥರ ಕೂಗಿಗೆ ವಾಡೆಯ ಮಾಳಿಗೆಯ ಮೇಲಿನ ಪಾರಿವಾಳಗಳು ಎದ್ದು ಹಾರಿದವು. ಗೌಂಡಿ ಸ್ಯಾಮ್ಯುಯೆಲ ಮಾತ್ರ ಗಾರೆ ಮೆತ್ತುವ ಕರಣಿ ಹಿಡಿದು ನಿಂತಲ್ಲೇ ನಿಂತಿದ್ದ.

“ಓದಬಾರದಿತ್ತು, ಖರೇ ಅದರಿ. ಓದೀನಿ, ಏನ್ ಮಾಡ್ಲಿ?”

ಭಾಲ್ಕಿ ತಾಲ್ಲೂಕಿನ, ಮಾಂಜ್ರಾ ಹೊಳೆಯ ದಂಡೆಯ ಆ ಊರಿನ ಹಳೆಯ ಮನೆಗಳನ್ನು ನೋಡಿ ಪಟ್ಟಿ ಮಾಡಲು ಮರುದಿನ ಬೀದರಿನಿಂದ ಜನ ಬರುವವರಿದ್ದರು. ಪಟ್ಟಿಯ ಮೊದಲ ಹೆಸರೇ ವೈಜಿನಾಥರ ವಾಡೆಯದು. ಫಲಕವನ್ನು ಅವರೇ ಬರೆಸಿದ್ದರು: ‘ಇನ್ನೂರು ವರ್ಷದ ವಾಡೆ. ಒಂದೇ ಕಲ್ಲಿನ ಹೊಸ್ತಿಲು ಮೂಲಪುರುಷರು ಇಟ್ಟದ್ದು.’ ಒಂದು ಕಡೆ ಕುಸಿದಿದ್ದ ಆ ಹೊಸ್ತಿಲನ್ನು ಸಮ ಮಾಡಲು ಸ್ಯಾಮ್ಯುಯೆಲ ಹಾರೆ ಹಾಕಿ ಎಬ್ಬಿಸಿದ್ದ. ಕಲ್ಲು ಮಗುಚಿಬಿದ್ದಿತ್ತು. ಕೆಳಮೈಯಲ್ಲಿ ಸಣ್ಣದೊಂದು ಶಿಲುಬೆ, ಅದರಡಿ ಅಕ್ಷರಗಳು.

‘ಸೂಲಗಿತ್ತಿ ರೂತಮ್ಮ. ಈ ದಂಡೆಯ ಮುನ್ನೂರು ಕೂಸುಗಳನ್ನು ಎತ್ತಿಕೊಂಡವಳು. ೧೯೪೭.’

“ನಮ್ಮ ಮುತ್ಯಾನ ಅವ್ವ ರೀ,” ಎಂದ ಸ್ಯಾಮ್ಯುಯೆಲ. “ಗೋರಿ ಕಲ್ಲು ಹೊಳಿ ಒಯ್ತು ಅಂತ ನಮ್ಮ ಮನ್ಯಾಗ ಇವತ್ತಿಗೂ ಅಂತಾರ.”

“ಹೊಳೀನೇ ತಂದು ಬಿಟ್ಟಿರಬೇಕು. ನಲವತ್ತೇಳರ ಕಲ್ಲಂದ್ರ ನಮ್ಮಪ್ಪನ ಕಾಲದ್ದು, ದಂಡಿಗಿ ಬಿದ್ದದ್ದು ತಂದಿದ್ದಾನು. ಕದ್ದಿಲ್ಲ!”

“ಕಲ್ಲು ತೇಲಿಕೋತ ಬಂದು ನಿಮ್ಮ ಬಾಗಿಲಿಗೇ ಬೋರಲ ಬಿತ್ತೇನ್ರಿ ಸಾವಕಾರ್ರೆ?”

ವೈಜಿನಾಥರ ಅಪ್ಪ ಅಕ್ಷರ ಬಲ್ಲವರು. ಊರಿಗೆಲ್ಲ ಕಾಗದ ಓದಿ ಹೇಳುತ್ತಿದ್ದರು. ಓದಿಯೇ ಮಗುಚಿ ಹಾಕಿದ್ದರು. ಇದೇ ಕಲ್ಲಿಗೆ ಅವ್ವ ಶುಕ್ರವಾರಕ್ಕೊಮ್ಮೆ ಅರಿಶಿನ ಬಳಿದಿದ್ದಳು. ಇದರ ಮೇಲಿಟ್ಟ ಅಕ್ಕಿಯ ಸೇರು ಒದ್ದು ಹೆಂಡತಿ ಈರಮ್ಮ ಮನೆ ತುಂಬಿದ್ದಳು. ಇದನ್ನೇ ದಾಟಬಾರದೆಂದು ಸ್ಯಾಮ್ಯುಯೆಲ ಮೂವತ್ತು ವರ್ಷ ಹೊರಗಿನ ಕಟ್ಟೆಯ ಮೇಲೆ ಕೂತು, ಬೇರೆ ಇಟ್ಟ ಗ್ಲಾಸಿನಲ್ಲಿ ಚಹಾ ಕುಡಿದಿದ್ದ.

ಒಳಗಿನಿಂದ ಬಂದ ಈರಮ್ಮ ಕಲ್ಲು ನೋಡಿ ಬಾಯಿಗೆ ಸೆರಗು ಒತ್ತಿದಳು. “ಮಾವನವರು ಹುಟ್ಟುಮುಂದ ಬಂದಾಕಿ ಈಕಿನೇ ಅಲ್ಲೇನ್ರಿ? ಕೂಸು ಅಡ್ಡ ಸಿಕ್ಕಿತ್ತಂತ. ಹಿತ್ತಲ ಬಾಗಿಲಿಂದ ಕರಕೊಂಡು, ಹೆರಿಗಿ ಆದ ಮ್ಯಾಲ ಮನಿ ಎಲ್ಲಾ ಸಾರಿಸಿ ಮಡಿ ಮಾಡಿದ್ರಂತ. ಅತ್ತಿ ಹೇಳ್ತಿದ್ರು.”

“ನೀ ಸುಮ್ನಿರು!” ಅಂದರು ವೈಜಿನಾಥರು.

ಈರಮ್ಮ ಸುಮ್ಮನಿರಲಿಲ್ಲ. “ಸ್ಯಾಮ್ಯುಯೆಲಣ್ಣ, ಒಳಗ ಬಾ. ಕುಂತು ಚಹಾ ಕುಡಿ.”

ಅವನು ಬಾಗಿಲ ತಳದ ಬರಿದಾದ ಕುಳಿ ನೋಡಿದ. “ಹೊಸ್ತಿಲ ಇಲ್ಲಂತ ಇವತ್ತು ಕರೀತೀರೇನ್ರಿ ಅಕ್ಕಾ?”

ಕರಣಿಯನ್ನು ಕೆಳಗಿಟ್ಟ. ಅಕ್ಷರಗಳ ಮೇಲೆ ಒಮ್ಮೆ ಅಂಗೈ ಆಡಿಸಿ, ಹೊಳೆಯ ದಾರಿ ಹಿಡಿದು ನಡೆದುಬಿಟ್ಟ. ವೈಜಿನಾಥರು ಎರಡು ಸಲ ಕೂಗಿದರು. ಅವನು ತಿರುಗಿ ನೋಡಲಿಲ್ಲ.

ಅವರು ಫಲಕವನ್ನು ಗೋಡೆಗೆ ಮುಖ ಮಾಡಿ ಒರಗಿಸಿದರು. ಆಮೇಲೆ ನೀರಿನ ಕೊಡ ತರಿಸಿಕೊಂಡು ನೆಲಕ್ಕೆ ಕೂತು, ಅಕ್ಷರಗಳಲ್ಲಿ ಗಟ್ಟಿಯಾಗಿದ್ದ ಮಣ್ಣನ್ನು ಉಗುರಿನಿಂದ ಕೆರೆದು ಕೆರೆದು ತೊಳೆಯತೊಡಗಿದರು.

ಮರುದಿನ ಬೀದರಿನವರು ಬಂದಾಗ ವಾಡೆಗೆ ಹೊಸ್ತಿಲಿರಲಿಲ್ಲ. ಕಲ್ಲು ಬೆಳಗಾಗುವುದರೊಳಗೆ ವೈಜಿನಾಥರ ಬಂಡಿ ಏರಿ ಹೊಳೆದಂಡೆಯ ಗೋರಿಗಳ ನಡುವೆ ಹೋಗಿ ನಿಂತಿತ್ತು.

ಕರಣಿ ಮಾತ್ರ ಬಾಗಿಲಲ್ಲೇ ಇತ್ತು. ಅದನ್ನು ಒಯ್ಯಲೂ ಸ್ಯಾಮ್ಯುಯೆಲ ಮತ್ತೆ ಆ ಮನೆಯ ಕಡೆ ಬರಲಿಲ್ಲ.