ಇರುವೆ ಕಚ್ಚಿದ ಹಾಗಲ್ಲ

ಗೋಡೆಯ ಆನೆಗೆ ಬಾಲವಿಲ್ಲ, ಬರೆದವರು ಮರೆತರೋ, ಬಣ್ಣ ಮುಗಿಯಿತೋ, ಬಾಲ ಬರಬೇಕಾದ ಜಾಗದಲ್ಲೇ ಕಿಟಕಿ ಬಂತೋ — ಕಿಟಕಿಯೇ ಇರಬೇಕು ಎಂದು ಸುಬ್ಬಯ್ಯ ಕತ್ತು ವಾಲಿಸಿ ನೋಡುತ್ತಾನೆ, ಕಿಟಕಿಯಾಚೆ ಅವರನ್ನು ಕರೆತಂದ ಆಟೋ, ಅದರ ಹಿಂದಿನ ಸೀಟಿನಲ್ಲಿ ಡ್ರೈವರ್ ಅಬ್ದುಲ್ ರವೂಫ್ ಕಾಲು ಹೊರಗೆ ಚಾಚಿ ಮಲಗಿದ್ದಾನೆ, ಸುಖಪುರುಷ, ಇವತ್ತು ಚುಚ್ಚಿಸಿಕೊಳ್ಳುವುದು ಅವನ ಮನೆಯ ಮಗುವಲ್ಲವಲ್ಲ. ಈ ಅಂಗನವಾಡಿಯಲ್ಲಿ ದೊಡ್ಡವರು ಕೂರುವ ಕುರ್ಚಿ ಇರುವುದು ಒಂದೇ, ಅದರಲ್ಲಿ ಅವನನ್ನು ಕೂರಿಸಿದ್ದಾರೆ, ಉಳಿದವೆಲ್ಲ ಕೆಂಪು ಹಳದಿ ಪುಟಾಣಿ ಕುರ್ಚಿಗಳು, ಗುರುವಾರ, ಇಂಜೆಕ್ಷನಿನ ದಿನವಾದ್ದರಿಂದ ಮೂಲೆಯ ಮೇಜಿನ ಮೇಲೆ ಸಿಸ್ಟರ ನೀಲಿ ಪೆಟ್ಟಿಗೆ ಬಂದು ಕೂತಿದೆ, ಮಂಜುಗಡ್ಡೆಯೊಳಗೆ ಮದ್ದು, ಮೀನಿನವರ ಪೆಟ್ಟಿಗೆಯ ಹಾಗೇ ಕಾಣುತ್ತದೆ. ಸುಬ್ಬಯ್ಯ ಉಟ್ಟಿರುವುದು ಒಗೆದು ಮಡಚಿಟ್ಟಿದ್ದ ಬಿಳಿ ಪಂಚೆ, ಇವತ್ತು ಅವನು ಬಂದದ್ದು ತೊಡೆಯಾಗಿ, ಮನುಷ್ಯನಾಗಿ ಅಲ್ಲ — ಅವರ ಮನೆಯಲ್ಲಿ ಮಗುವಿನ ಮೈಗೆ ಸೂಜಿ ತಾಗುವುದಾದರೆ ಸೋದರಮಾವನ ತೊಡೆ ಬೇಕು, ಸೂಜಿ ಚಿನ್ನದ ಕೆಲಸದವನದ್ದಾದರೇನು ಸರಕಾರದ್ದಾದರೇನು, ಮಗುವಿಗೆ ಸೋದರಮಾವ ಇಲ್ಲ, ತಾಯಿ ವಿಜೇತಾ ಒಬ್ಬಳೇ ಮಗಳು, ಹಾಗಾಗಿ ತಾಯಿಯ ಸೋದರಮಾವನೇ ಮಗುವಿಗೂ. ವಿಜೇತಾಳ ಅಮ್ಮ, ಅವನ ತಂಗಿ ಕಾಂತಿ ಫೋನು ಮಾಡಿ, ಅಣ್ಣಾ ನೀನು ಬರಲೇಬೇಕು, ಒಂದೂವರೆ ತಿಂಗಳ ಇಂಜೆಕ್ಷನ್ ಉಂಟು, ಇವಳು ತಾನೇ ಹಿಡ್ಕೊಳ್ತೇನೆ ಅಂತ ಹಟ ಹಿಡಿದಿದ್ದಾಳೆ, ಸೂಜಿ ಕಂಡ್ರೆ ದಡಕ್ಕ ಬೀಳುವವಳು ಮಾರಾಯ, ಬಾಲೆ ಸಮೇತ ಬಿದ್ರೆ ಎಂಥ ಮಾಡುದು, ಎಂದಾಗ ಅವನು ಕಲ್ಲಡ್ಕದಿಂದ ಮೊದಲ ಬಸ್ಸು ಹಿಡಿದ, ಬಿ.ಸಿ.ರೋಡಿನಲ್ಲಿ ಇಳಿದು ಮೂಡುಬಿದಿರೆಯ ಬಸ್ಸು ಹತ್ತಿದ, ದಾರಿಯುದ್ದಕ್ಕೂ ಮೊಣಕಾಲು ಉಜ್ಜಿಕೊಳ್ಳುತ್ತಾ ಬಂದ, ಮುದಿ ತೊಡೆ, ಎಳೆ ಮಗು, ಜಾರಬಾರದಲ್ಲ.

ಬೀಳುವವಳು ಹೌದು, ಅದರಲ್ಲಿ ಕಾಂತಿಯ ಸುಳ್ಳಿಲ್ಲ, ವಿಜೇತಾ ಅವನ ಮನೆಯಿಂದ ಶಾಲೆಗೆ ಹೋಗುತ್ತಿದ್ದ ಕಾಲ, ಶಾಲೆಗೆ ಇಂಜೆಕ್ಷನಿನವರ ಜೀಪು ಬಂತೆಂದು ಹಿಂದಿನ ಬಾಗಿಲಿನಿಂದ ಓಡಿದವಳು ನೇರ ಅವನ ಹೋಟೆಲಿಗೇ ಬಂದಳು, ಆಗ ಕಲ್ಲಡ್ಕದಲ್ಲಿ ಅವನದ್ದೊಂದು ಸಣ್ಣ ಹೋಟೆಲು, ಗೋಳಿಬಜೆ, ಚಾ, ಅಷ್ಟೇ, ಬೆಂಚಿನಡಿ ಸಕ್ಕರೆ ಗೋಣಿಯ ಹಿಂದೆ ಮುದುಡಿ ಕೂತಳು, ಮಾವ ಹೇಳ್ಬೇಡಿ ಮಾವ, ಹುಡುಕಿಕೊಂಡು ಬಂದ ಹೆಡ್‌ಮಾಸ್ಟರು ಅದೇ ಬೆಂಚಿನ ಮೇಲೆ ಕೂತು ಚಾ ಕುಡಿದರು, ಹುಡುಗಿ ಈ ಕಡೆ ಬಂದ್ಳಾ ಶೆಟ್ರೇ, ಇಲ್ಲವಲ್ಲ ಮಾಸ್ಟ್ರೇ, ಇನ್ನೊಂದು ಚಾ ಕೊಡ್ಲಾ, ಅಷ್ಟರಲ್ಲಿ ಬೆಂಚಿನ ಅಡಿಯಿಂದ ಒಂದು ಸೀನು. ನಕ್ಕು ನಕ್ಕು ಮಾಸ್ಟ್ರ ಪಂಚೆಗೆ ಚಾ ಚೆಲ್ಲಿತು. ಅದಕ್ಕೂ ಮೊದಲು ಅವಳ ಕಿವಿ ಚುಚ್ಚಿಸಿದ್ದು, ಇದೇ ತೊಡೆಯ ಮೇಲೆ, ಏನಿಲ್ಲ ಮಗಾ ಇರುವೆ ಕಚ್ಚಿದ ಹಾಗೆ ಅಷ್ಟೇ ಎಂದು ಸುತ್ತ ನಿಂತವರೆಲ್ಲ ಹೇಳಿದರು, ಅವನೂ ಹೇಳಿದ, ಹಾಗೆ ಹೇಳುವುದೇ ಪದ್ಧತಿ, ಸಿಡುಬಿಗೆ ಚುಚ್ಚುವವನು ಊರಿಗೆ ಬಂದಾಗ ಸುಬ್ಬಯ್ಯನ ತೋಳನ್ನು ಹಿಡಿದು ಅವನ ಅಮ್ಮನೂ ಅದನ್ನೇ ಹೇಳಿದ್ದಳು, ಆ ಗುರುತು ಇನ್ನೂ ಉಂಟು, ಎರಡು ಗುಂಡಗಿನ ಕಲೆ, ಅಷ್ಟು ದೊಡ್ಡ ಇರುವೆ ಎಲ್ಲಿಯದೋ ದೇವರೇ ಬಲ್ಲ. ಬಸುರಿಯಾಗಿ ರಕ್ತ ಪರೀಕ್ಷೆಗೆ ಹೋದಲ್ಲಿ ವಿಜೇತಾ ಬಿದ್ದಳು, ಅಲ್ಲಿದ್ದವರು ಹಿಡಿದುಕೊಂಡದ್ದರಿಂದ ತಲೆ ಒಡೆಯಲಿಲ್ಲ. ಆದರೆ ಹೆರಿಗೆಯಾಗಿ ಎರಡನೇ ದಿನ, ಅದು ಬೇರೆ, ಅದನ್ನು ಸುಬ್ಬಯ್ಯ ಕಣ್ಣಾರೆ ಕಂಡಿದ್ದಾನೆ, ಮಗುವನ್ನು ಮೊದಲ ಇಂಜೆಕ್ಷನಿಗೆ ಪಕ್ಕದ ಕೋಣೆಗೆ ಒಯ್ದರು, ನೀನು ಬರುದು ಬೇಡ ಎಂದಳು ಕಾಂತಿ, ಇವಳು ತಲೆದಿಂಬನ್ನು ಮುಖಕ್ಕೆ ಒತ್ತಿಕೊಂಡಳು, ತಂದುಕೊಟ್ಟ ಮೇಲೆ ಮಗುವಿನ ತೋಳಿನ ಸಣ್ಣ ಗುಳ್ಳೆಯನ್ನು ನೋಡುತ್ತಾ, ಕೂಗಿದ್ಳಾ, ತುಂಬಾ ಹೊತ್ತು ಕೂಗಿದ್ಳಾ, ಆಗ ಹತ್ತಿರ ಯಾರಿದ್ರು, ಎಂದು ಕೇಳಿದಳು, ಯಾರಿದ್ರು ಅಮ್ಮ, ಯಾರೋ ನರ್ಸು ಇದ್ಲು ಮಾರಾಯ್ತಿ, ಯಾರೋ ಅಂದ್ರೆ ಯಾರು — ಇಡೀ ದಿನ ಅದನ್ನೇ ಕೇಳಿದಳು, ಊಟ ಬಿಟ್ಟಳು. ನೋವಿಗಿಂತ ಹೆಚ್ಚಾಗಿ, ನೋವಾಗುವಾಗ ತಾನಿರಲಿಲ್ಲ ಎಂಬುದೇ ಅವಳನ್ನು ತಿಂದದ್ದು, ಆಗ ಅವನಿಗೆ ಅದು ಬಾಣಂತಿಯ ಹುಚ್ಚಿನ ಹಾಗೆ ಕಂಡಿತ್ತು.

ಇವರಿಗಿಂತ ಮುಂದಿದ್ದ ಮಗುವಿನದ್ದು ಮುಗಿಯಿತು, ಅದರ ಅಜ್ಜಿ, ಏನಿಲ್ಲ ಏನಿಲ್ಲ, ಇರುವೆ ಅಷ್ಟೇ, ಇರುವೆಯನ್ನು ಹೊಡೆಯುವ, ಎನ್ನುತ್ತಾ ಗಾಳಿಗೆ ಏಟು ಹಾಕುತ್ತಾ ಹೋಗುತ್ತಿದ್ದಾಳೆ, ಇನ್ನು ಇವರದ್ದೇ ಸರದಿ, ಫಾಹಿಮಾ ಸಿಸ್ಟರು ಕೈ ತೊಳೆದು, ಯಾರು ಹಿಡಿದುಕೊಳ್ಳುವುದು ಎಂದು ಕೇಳಿದರು, ನನ್ನ ಅಣ್ಣ ಎಂದಳು ಕಾಂತಿ, ನಾನು ಎಂದಳು ವಿಜೇತಾ, ಒಂದೇ ಉಸಿರಿಗೆ ಇಬ್ಬರೂ. ಇವಳು ಬೀಳ್ತಾಳೆ ಸಿಸ್ಟರೇ. ಹೌದು, ಬಿದ್ದಿದ್ದೇನೆ, ಎಂದು ವಿಜೇತಾ ಒಪ್ಪಿಕೊಂಡಳು, ಅದಕ್ಕೇ ನೆಲದಲ್ಲಿ ಚಾಪೆ ಹಾಸಿ ಕೂತ್ಕೊಳ್ತೇನೆ, ನೆಲದಿಂದ ಕೆಳಗೆ ಬೀಳ್ಲಿಕ್ಕೆ ಜಾಗ ಇಲ್ಲವಲ್ಲ, ಮಾವ ನೀವು ಕುರ್ಚಿಯಲ್ಲೇ ಇರಿ, ನಿಮ್ಮ ಮೊಣಕಾಲಿಗೆ ಒರಗಿ ಕೂತ್ಕೊಳ್ತೇನೆ, ನಾನು ಮಗುವನ್ನು ಹಿಡಿತೇನೆ, ನಾನು ವಾಲಿದ್ರೆ ನೀವು ನನ್ನನ್ನು ಹಿಡೀರಿ. ಯಾವಾಗ ಯೋಚಿಸಿದಳು ಇದನ್ನೆಲ್ಲ, ಹಾಲು ಕೊಡುತ್ತಾ ಎಷ್ಟು ಸಲ ಮನಸ್ಸಿನಲ್ಲೇ ಈ ಚಾಪೆ ಹಾಸಿರಬೇಕು. ಸುಬ್ಬಯ್ಯನ ಮುಖ ಮೊದಲು ಸಣ್ಣದಾಯಿತು, ತೊಡೆಯಾಗಿ ಬಂದವನು ಗೋಡೆಯಾದೆನಲ್ಲ ಎಂದು, ಮರುಗಳಿಗೆ ಪಂಚೆ ಸರಿಮಾಡಿಕೊಂಡು ಮೊಣಕಾಲು ಜೋಡಿಸಿದ. ಬಗ್ಗಿದ್ರೆ ನನ್ನ ಸೊಂಟ ಹೋಗ್ತದೆ ಅಮ್ಮ, ಆದ್ರೂ ಅಡ್ಡಿಯಿಲ್ಲ, ಎನ್ನುತ್ತಾ ಸಿಸ್ಟರು ಒಂದು ಹಳದಿ ಪುಟಾಣಿ ಕುರ್ಚಿ ಎಳೆದು ಕೂತರು, ಕುರ್ಚಿ ಕಾಣಿಸಲೇ ಇಲ್ಲ. ಕಾಂತಿಯ ಕೈಯಲ್ಲಿ ಫೋನು, ಅದರೊಳಗೆ ಮಸ್ಕತ್ತಿನಿಂದ ಮಗುವಿನ ಅಪ್ಪ ಶಿಶಿರ್, ಅತ್ತೇ ನನಗೆ ಫ್ಯಾನು ಮಾತ್ರ ಕಾಣ್ತದೆ, ಸರಿ ಹಿಡಿದಳು, ಸಿಸ್ಟರ ಕೈಯ ಸಿರಿಂಜು ಕಂಡಿರಬೇಕು, ಬೇಡ ಅತ್ತೆ, ಫ್ಯಾನೇ ತೋರಿಸಿ, ಫ್ಯಾನು ಚಂದ ಉಂಟು. ಮೊದಲು ಬಾಯಿಗೆ ಹನಿ, ಮಗು ಚಪ್ಪರಿಸಿತು, ಪಾಪ, ಸಿಹಿ ಕೊಟ್ಟು ಕರೆಯುತ್ತಾರೆ. ಆಮೇಲೆ ತೋಳು, ಮೇಲಿನಿಂದ ಸುಬ್ಬಯ್ಯನಿಗೆ ಕಾಣುವುದು ವಿಜೇತಾಳ ಬೈತಲೆ ಮತ್ತು ಅದರಾಚೆ ಮಲಗಿಸಿದ ಮಗುವಿನ ಇಡೀ ಮುಖ, ಎಲ್ಲರೂ ಇರುವೆಗಾಗಿ ಕಾಯುತ್ತಿದ್ದಾರೆ, ಕಾಂತಿ ಬಾಯಿ ತೆರೆದೂ ಆಯಿತು, ಅಷ್ಟರಲ್ಲಿ ವಿಜೇತಾ ಬಾಗಿ, ದೊಡ್ಡವರಿಗೆ ಹೇಳುವ ಹಾಗೆ, ನೋವಾಗ್ತದೆ ಮಗಾ, ಈಗ ನೋವಾಗ್ತದೆ, ನಾನಿದ್ದೇನೆ, ಎಂದಳು. ಸೂಜಿ ಹೋಯಿತು, ಸುಬ್ಬಯ್ಯ ಕಣ್ಣು ಮುಚ್ಚಿದ, ತೆರೆದಾಗ ಮಗುವಿನ ಬಾಯಿ ತೆರೆದಿತ್ತು, ಹಲ್ಲಿಲ್ಲದ ಕೆಂಪು ಬಾಯಿ, ಒಳಗೆ ನಾಲಗೆಯ ತುದಿ ನಡುಗುತ್ತಿದೆ, ಸದ್ದಿಲ್ಲ, ಉಸಿರಿಲ್ಲ, ಅಳು ಇನ್ನೂ ಹುಟ್ಟಿಲ್ಲ, ಆಮೇಲೆ ಹುಟ್ಟಿತು, ಅಯ್ಯೋ ಎಂಥ ಗಂಟಲು. ಬಲ ತೊಡೆ. ನೋವಾಗ್ತದೆ ಮಗಾ, ನಾನಿದ್ದೇನೆ. ಸುಬ್ಬಯ್ಯನ ಕಣ್ಣು ಮತ್ತೆ ಮುಚ್ಚಿಯೇ ಹೋಯಿತು, ಎಂಥ ಗಂಡಸು ಇವನು, ಕುದಿಯುವ ಎಣ್ಣೆಯ ಮುಂದೆ ಜೀವಮಾನ ಕಳೆದವನು, ಮತ್ತೆ ಅದೇ ಬಾಯಿ, ಅದೇ ಸದ್ದಿಲ್ಲದ ಬಾಯಿ, ಅವನ ಕೈ ಅವಳ ಹೆಗಲಿನಿಂದ ಬೆರಳಗಲ ದೂರದಲ್ಲಿ ಸಿದ್ಧವಾಗಿ ನಿಂತಿದೆ, ಈಗ ವಾಲುತ್ತಾಳೆ, ಇನ್ನೇನು ಭಾರ ಬೀಳುತ್ತದೆ, ಕತ್ತಿನ ಹಿಂದೆ ಬೆವರಿನ ಹನಿಗಳು ಎದ್ದಿವೆ, ಕಿವಿ ಬಿಳಿಚಿದೆ, ಅವನೇ ಚುಚ್ಚಿಸಿದ ಕಿವಿ, ಭಾರ ಬೀಳಲಿಲ್ಲ. ಕಣ್ಣು ಮುಚ್ಚುದಾದ್ರೆ ಮುಚ್ಚಿ ಅಮ್ಮ, ಎಲ್ಲರೂ ಮುಚ್ತಾರೆ, ಎಂದರು ಫಾಹಿಮಾ ಸಿಸ್ಟರು. ಬೇಡ ಸಿಸ್ಟರೇ, ಅವಳು ನನ್ನನ್ನೇ ನೋಡ್ತಾ ಇದ್ದಾಳೆ. ಹೌದೇ, ನೋಡುತ್ತಾ ಇತ್ತೇ, ಒಂದೂವರೆ ತಿಂಗಳ ಕಣ್ಣಿಗೆ ಏನು ಕಂಡೀತು ಎಂದು ಅವನು ಈ ಸಲ ನೋಡಿದ, ಎಡ ತೊಡೆಗೆ ಸೂಜಿ ಹೋಗುವಾಗ ರೆಪ್ಪೆ ಎತ್ತಿಯೇ ಇಟ್ಟ, ಹೌದು, ಮಗು ಆ ಒಂದು ಮುಖವನ್ನಲ್ಲದೆ ಬೇರೇನನ್ನೂ ನೋಡುತ್ತಿರಲಿಲ್ಲ, ಬಾಯಿ ತೆರೆಯಿತು. ಅವಳು ಬೀಳಲಿಲ್ಲ. ಅವಳ ಬೆನ್ನಿಗೂ ಅವನ ಮೊಣಕಾಲಿಗೂ ನಡುವೆ ಗಾಳಿ ಆಡುವಷ್ಟು ಜಾಗವಿತ್ತು, ಒರಗಲೇ ಇಲ್ಲ ಮಾರಾಯ, ಒಂದು ಸಲವೂ ಒರಗಲಿಲ್ಲ.

ಅರ್ಧ ಗಂಟೆ ಇಲ್ಲೇ ಇರಿ, ಇವತ್ತು ಜ್ವರ ಬರಬಹುದು, ಬಂದ್ರೆ ಈ ಹನಿ ಕೊಡಿ, ಹೆದರ್ಬೇಡಿ, ಚುಚ್ಚಿದಲ್ಲಿ ಉಜ್ಜುವುದು ಬೇಡ, ಎಂದು ಸಿಸ್ಟರು ಹೇಳುತ್ತಿದ್ದಾರೆ, ಸ್ವಲ್ಪ ಬೆಚ್ಚಗೆ ಎಣ್ಣೆ ಸಿಸ್ಟರೇ, ಎಣ್ಣೆ ದೋಸೆಗೆ ಹಾಕಿ ಅಮ್ಮ, ಕಾಂತಿಗೆ ಸಿಟ್ಟು ಬಂದು ನಗುವಾಯಿತು, ಅತ್ತೆ ಮುಗೀತಾ, ಫ್ಯಾನು ತಿರುಗಿ ತಿರುಗಿ ನನಗೇ ತಲೆ ತಿರುಗ್ತದೆ, ಎಂದು ಮಸ್ಕತ್ತು ಕೇಳುತ್ತಿದೆ. ವಿಜೇತಾ ಗೋಡೆಗೆ ಮುಖ ಮಾಡಿ ಹಾಲು ಕೊಡುತ್ತಿದ್ದಾಳೆ, ಈಗ, ಎಲ್ಲ ಆದ ಮೇಲೆ, ಕಾಂತಿ ನೀರು ಕುಡಿಸಿದಳು, ಲೋಟ ಹಲ್ಲಿಗೆ ತಾಗಿ ಟಕಟಕ ಎಂದಿತು, ನಾನಿದ್ದೆ ಅಲ್ವಾ ಮಾವ, ಎಂದು ತಿರುಗದೆಯೇ ಕೇಳಿದಳು, ಇದ್ದಿ ಮಗಾ, ಪೂರ್ತಿ ಇದ್ದಿ, ಎಂದ ಸುಬ್ಬಯ್ಯ. ಧೈರ್ಯ ಅಂದರೆ ಹೆದರದವರ ಸೊತ್ತು ಎಂದು ತಿಳಿದಿದ್ದ, ಇಷ್ಟು ವಯಸ್ಸಾದ ಮೇಲೆ ಅದು ತಪ್ಪೆಂದು ಗೊತ್ತಾಯಿತು, ಸಂತೋಷದ ತಪ್ಪು. ಜ್ವರ ಬಂದರೆ ತಾನೂ ಇವತ್ತು ತಂಗಿಯ ಮನೆಯಲ್ಲೇ ಉಳಿಯುವ ಎಂದುಕೊಳ್ಳುತ್ತಾನೆ, ಕಲ್ಲಡ್ಕದ ಮನೆಗೆ ಹೇಳಿ ಕಳಿಸಬೇಕು, ದಾರಿಯ ಅಂಗಡಿಯಿಂದ ಮಗುವಿಗೆ ಏನಾದರೂ, ಏನು, ಮೂರು ಸಲ ಚುಚ್ಚಿಸಿಕೊಂಡವಳಿಗೆ ತಿನ್ನಲು ಹಲ್ಲಿಲ್ಲ, ಹಲ್ಲಿಲ್ಲದ ಬಾಯಿ, ಆ ಬಾಯಿ, ಬಸ್ಸು ಸಂಜೆಗೂ ಉಂಟು ಬಿ.ಸಿ.ರೋಡಿಗೆ, ಹೋಗುವುದು ಬೇಡ, ಆ ಬಾಯಿ ತೆರೆದಿತ್ತಲ್ಲ, ಸದ್ದು ಬರುವ ಮೊದಲು, ಅಷ್ಟು ಹೊತ್ತು ಎಲ್ಲಿಗೆ ಹೋಗಿತ್ತು ಅದರ ಅಳು, ಯಾರನ್ನು ಕಾದಿತ್ತು, ರವೂಫ್ ಹೊರಗೆ ಹಾರ್ನ್ ಒತ್ತುತ್ತಾನೆ, ಕಾಂತಿ ಏನೋ ಕೇಳುತ್ತಾಳೆ, ಅಣ್ಣಾ ಏಳುದಾ, ಏಳಬೇಕು, ಕಣ್ಣ ಮುಂದೆ ಆ ಕೆಂಪು ಬಾಯಿ ತೆರೆದೇ ಇದೆ, ನಾಲಗೆಯ ತುದಿ ನಡುಗುತ್ತಿದೆ, ಅದರ ಮೇಲೆ ಬಾಗಿದ ತಲೆ ಅಲುಗುವುದಿಲ್ಲ, ತೆರೆದ ಬಾಯಿ, ಅಳು ಇನ್ನೂ ಹುಟ್ಟಿಲ್ಲ, ಬಾಗಿದ ತಲೆ —